ಸನ್ಯಾಸಿ ಏಡಿ ಸಪ್ಪಗಾಗಿದೆಯಾ? ಮೊದಲು ಟ್ಯಾಂಕ್ ನೋಡಿ

ಫೆಬ್ರವರಿಯ ಒಂದು ಬೆಳಗ್ಗೆ ನಮ್ಮ ಏಡಿ ಟ್ಯಾಂಕಿನಲ್ಲಿ, ನೀರಿನ ಬಟ್ಟಲ ಪಕ್ಕ, ಒಂದು ಕಾಲು ಬಿದ್ದಿತ್ತು. ಬರೀ ಕಾಲು. ನಸುಗೆಂಪು ಬಣ್ಣ, ಅಕ್ಕಿ ಕಾಳಿಗಿಂತ ಸ್ವಲ್ಪ ಉದ್ದ, ತುದಿ ಮೊನಚು. ಅದರ ಒಡೆಯ ಲವಂಗ ಮೂಲೆಯಲ್ಲಿ ಶಂಖದೊಳಗೆ ಮುದುರಿಕೊಂಡಿದ್ದ. ಮಗಳು ಅಳೋಕೆ ಶುರು ಮಾಡಿದಳು. ನಾನು ಫೋನ್ ಹಿಡಿದು ಏಡಿಗೆ ಯಾವ ಔಷಧಿ ಅಂತ ಹುಡುಕುತ್ತಾ ಕೂತೆ.

ಔಷಧಿ ಹುಡುಕಿ ಮೂರು ದಿನ ಹಾಳು ಮಾಡಿದೆ. ಕೆಟ್ಟಿದ್ದದ್ದು ಏಡಿಯಲ್ಲ, 150 ರೂಪಾಯಿಯ ಒಂದು ಮಾಪಕ. ಆ ಕಥೆ ಮುಂದೆ ಹೇಳುತ್ತೇನೆ. ಮನೆಯಲ್ಲಿ ಹರ್ಮಿಟ್ ಕ್ರ್ಯಾಬ್, ಅಂದರೆ ಖಾಲಿ ಶಂಖದೊಳಗೆ ಮನೆ ಮಾಡುವ ಸನ್ಯಾಸಿ ಏಡಿ ಸಾಕುತ್ತಿದ್ದು, ಅದು ತಿನ್ನುತ್ತಿಲ್ಲ, ಕಾಣುತ್ತಿಲ್ಲ, ಕಾಲು ಉದುರಿಸುತ್ತಿದೆ, ಶಂಖ ಬಿಟ್ಟು ಬೆತ್ತಲೆ ಓಡಾಡುತ್ತಿದೆ ಅಂತ ಗಾಬರಿಯಾಗಿದ್ದರೆ ಇದೇ ಕ್ರಮದಲ್ಲಿ ನೋಡಿಕೊಂಡು ಹೋಗಿ. ಕ್ರಮ ಮುಖ್ಯ. ಮೇಲಿನದು ಸರಿಯಿಲ್ಲದೆ ಕೆಳಗಿನದನ್ನು ರಿಪೇರಿ ಮಾಡಿ ಪ್ರಯೋಜನವಿಲ್ಲ.

ನಿಮ್ಮ ಹತ್ತಿರ ಇರುವುದು ಯಾವ ಏಡಿ?

ಮಲ್ಪೆಗೋ ಕಾರವಾರಕ್ಕೋ ಹೋದಾಗ ಬಂಡೆಗಳ ನಡುವಿನ ನೀರಿನಿಂದ ಮಕ್ಕಳು ಹಿಡಿದು ತಂದ ‘ನಡೆಯುವ ಶಂಖ’ ಆಗಿದ್ದರೆ ಮುಂದೆ ಓದುವುದೇ ಬೇಡ. ಅದು ಕಡಲ ನೀರಿನ ಏಡಿ. ನೀರಿನಲ್ಲೇ ಉಸಿರಾಡುತ್ತದೆ. ಬಕೆಟ್ ನೀರಿನಲ್ಲಿ ಕೆಲವೇ ದಿನಕ್ಕೆ ಸಾಯುತ್ತದೆ, ಮರಳಿನ ಟ್ಯಾಂಕಿನಲ್ಲಿ ಇನ್ನೂ ಬೇಗ. ಊರು ಬಿಡುವ ಮೊದಲು, ತೆಗೆದ ಜಾಗಕ್ಕೇ ವಾಪಸ್ ಬಿಟ್ಟುಬಿಡಿ.

ಈ ಬರಹ ನೆಲದ ಮೇಲೆ ಬದುಕುವ ಸನ್ಯಾಸಿ ಏಡಿಗಳ ಬಗ್ಗೆ. ವಿಜ್ಞಾನದಲ್ಲಿ ಇವಕ್ಕೆ ಸೀನೋಬೈಟಾ ಅನ್ನುತ್ತಾರೆ. ನಮ್ಮ ದೇಶದಲ್ಲಿ ಅಂಡಮಾನ್, ಲಕ್ಷದ್ವೀಪದ ದಂಡೆಗಳಲ್ಲಿ ಇವು ಧಾರಾಳ. ಅಮೆರಿಕದ ಅಂಗಡಿಗಳಲ್ಲಿ ಸಿಗುವುದು ಕೆರಿಬಿಯನ್ ದ್ವೀಪಗಳ ಕಡೆಯ ತಳಿ. ಸನ್ಯಾಸಿ ಅಂತ ಹೆಸರಿಟ್ಟವರು ಯಾರೋ ಗೊತ್ತಿಲ್ಲ, ಮನೆಯನ್ನೇ ಬೆನ್ನ ಮೇಲೆ ಹೊತ್ತು ತಿರುಗುವ ಇಂಥ ಸಂಸಾರಿ ಇನ್ನೊಂದಿಲ್ಲ. ಒಂಟಿಯಾಗಿ ಇಟ್ಟರೆ ಸೊರಗುತ್ತದೆ ಕೂಡ.

ಇನ್ನೊಂದು ಮಾತು. ಇವು ಮೊಟ್ಟೆಯನ್ನು ಸಮುದ್ರಕ್ಕೆ ಬಿಡುತ್ತವೆ, ಮರಿಗಳು ಮೊದಲ ಕೆಲವು ವಾರ ಉಪ್ಪುನೀರಿನಲ್ಲಿ ತೇಲುತ್ತಾ ಬೆಳೆಯುತ್ತವೆ. ಮನೆಯಲ್ಲಿ ಅದನ್ನು ಮಾಡಿಸುವುದು ತುಂಬಾ ಕಷ್ಟ. ಹಾಗಾಗಿ ಅಂಗಡಿಯಲ್ಲಿ ಕಾಣುವ ಏಡಿ ಹೆಚ್ಚುಕಮ್ಮಿ ಯಾವುದೋ ದಂಡೆಯಿಂದ ಹಿಡಿದು ತಂದದ್ದೇ. ಇದು ಗೊತ್ತಾದ ಮೇಲೆ ನಾನು ಹೊಸದನ್ನು ಕೊಂಡಿಲ್ಲ. ಸಾಕಲಾರೆ ಅಂತ ಯಾರೋ ಕೈಬಿಟ್ಟದ್ದನ್ನು ಮಾತ್ರ ತಂದಿದ್ದೇನೆ.

ಮಾಪಕವನ್ನೇ ಮೊದಲು ಅನುಮಾನಿಸಿ

ನೆಲದ ಏಡಿಯಾದರೂ ಅದು ಉಸಿರಾಡುವುದು ಕಿವಿರಿನಿಂದಲೇ. ಕಿವಿರು ಒದ್ದೆಯಾಗಿರಬೇಕಾದರೆ ಗಾಳಿಯಲ್ಲಿ ತೇವ ಬೇಕು. 75ರಿಂದ 85 ಶೇಕಡಾ ತೇವಾಂಶ ಇದ್ದರೆ ಆರಾಮ. 70ಕ್ಕಿಂತ ಕೆಳಗೆ ದಿನಗಟ್ಟಲೆ ಇದ್ದರೆ ನಿಧಾನಕ್ಕೆ ಉಸಿರು ಕಟ್ಟುತ್ತದೆ. ನಿಧಾನಕ್ಕೆ ಅಂದರೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ. ಅದಕ್ಕೇ ‘ಮೂರು ತಿಂಗಳು ಚೆನ್ನಾಗಿತ್ತು, ಇದ್ದಕ್ಕಿದ್ದ ಹಾಗೆ ಸತ್ತುಹೋಯಿತು’ ಅಂತ ಜನ ಹೇಳುವುದು. ಇದ್ದಕ್ಕಿದ್ದ ಹಾಗೆ ಏನೂ ಆಗಿರುವುದಿಲ್ಲ.

ನಮ್ಮ ಟ್ಯಾಂಕಿನಲ್ಲಿ ತೇವಾಂಶ ಅಳೆಯುವ ಮುಳ್ಳಿನ ಮಾಪಕ (ಹೈಗ್ರೋಮೀಟರ್) 80 ತೋರಿಸುತ್ತಿತ್ತು. ಸರಿ ಇದೆ ಅಂದುಕೊಂಡಿದ್ದೆ. ಆಮೇಲೆ ಉಪ್ಪಿನ ಪರೀಕ್ಷೆ ಮಾಡಿದೆ. ಇದಕ್ಕೆ ಅಡುಗೆಮನೆಯ ಉಪ್ಪೇ ಸಾಕು. ಬಾಟಲಿ ಮುಚ್ಚಳದ ತುಂಬ ಪುಡಿ ಉಪ್ಪು ಹಾಕಿ, ನಾಲ್ಕಾರು ಹನಿ ನೀರು ಬಿಡಿ. ಉಪ್ಪು ಕರಗಿಹೋಗಬಾರದು, ಒದ್ದೆ ಮರಳಿನ ಹಾಗಾಗಬೇಕು. ಆ ಮುಚ್ಚಳವನ್ನೂ ಮಾಪಕವನ್ನೂ ಒಂದೇ ಜಿಪ್ ಕವರಿನಲ್ಲಿಟ್ಟು ಗಾಳಿಯಾಡದಂತೆ ಮುಚ್ಚಿ, ರಾತ್ರಿಯಿಡೀ ಬಿಡಿ. ಒದ್ದೆ ಉಪ್ಪಿನ ಸುತ್ತಲ ಗಾಳಿ ಯಾವಾಗಲೂ 75 ಶೇಕಡಾದಲ್ಲೇ ನಿಲ್ಲುತ್ತದೆ. ಬೆಳಗ್ಗೆ ನಿಮ್ಮ ಮಾಪಕ 75 ತೋರಿಸಬೇಕು.

ನಮ್ಮದು 88 ತೋರಿಸಿತು.

ಅಂದರೆ 13 ಜಾಸ್ತಿ. ಇಷ್ಟು ದಿನ 80 ಅಂತ ನಂಬಿದ್ದು ನಿಜದಲ್ಲಿ 67. ಲವಂಗನ ಕಾಲು ಯಾಕೆ ಉದುರಿತು ಅಂತ ಆ ಕ್ಷಣ ತಿಳಿಯಿತು. ಮುಳ್ಳಿನ ಮಾಪಕ ತೆಗೆದು ಎಸೆದು, ಡಿಜಿಟಲ್ ಎರಡು ತಂದೆ. ಅವುಗಳಿಗೂ ಉಪ್ಪಿನ ಪರೀಕ್ಷೆ ಆಯಿತು. ಒಂದು 74, ಇನ್ನೊಂದು 77. ಎಷ್ಟು ವ್ಯತ್ಯಾಸ ಅಂತ ಅದರ ಬೆನ್ನಿಗೆ ಬ್ಯಾಂಡ್‌ಏಡ್ ಅಂಟಿಸಿ ಪೆನ್ನಿನಲ್ಲಿ ಬರೆದಿಟ್ಟಿದ್ದೇನೆ. ಮಾಪಕವನ್ನು ಮೇಲೆಲ್ಲೋ ತೂಗುಹಾಕಬೇಡಿ. ಏಡಿ ಓಡಾಡುವುದು ಮರಳಿನ ಮೇಲೆ, ಅಳೆಯಬೇಕಾದ್ದೂ ಅಲ್ಲೇ.

ತೇವಾಂಶ ನಿಲ್ಲುತ್ತಿಲ್ಲ

ಬೆಂಗಳೂರಿನಂಥ ಒಳನಾಡಿನ ಊರುಗಳಲ್ಲಿ ಚಳಿಗಾಲ ಮುಗಿದು ಬಿಸಿಲು ಏರುವ ದಿನಗಳೇ ಅಪಾಯದ ಕಾಲ. ಮಾರ್ಚ್ ಮಧ್ಯಾಹ್ನ ನಮ್ಮ ಹಾಲ್‌ನಲ್ಲಿ ತೇವಾಂಶ ಬರೀ 34 ಶೇಕಡಾ ಇತ್ತು. ಬಟ್ಟೆ ಒಂದು ಗಂಟೆಗೆ ಒಣಗುವ ಹವೆ ನಮಗೆ ಖುಷಿ, ಏಡಿಗಲ್ಲ.

ಅಂಗಡಿಯವರು ಕೊಡುವ ತಂತಿಯ ಪಂಜರ ಈ ಕೆಲಸಕ್ಕೆ ಆಗುವುದೇ ಇಲ್ಲ. ಎಷ್ಟು ನೀರು ಚಿಮುಕಿಸಿದರೂ ಗಳಿಗೆಯಲ್ಲಿ ಆರಿಹೋಗುತ್ತದೆ. ಗಾಜಿನ ಮೀನಿನ ಟ್ಯಾಂಕ್ ಬೇಕು, ಮೇಲೆ ಗಾಜಿನ ಮುಚ್ಚಳ ಬೇಕು. ಜಾಲರಿ ಮುಚ್ಚಳ ಇದ್ದರೆ ಅದರ ಮೇಲೆ ಅಡುಗೆಮನೆಯ ಪ್ಲಾಸ್ಟಿಕ್ ಹಾಳೆ ಸುತ್ತಿ, ಮೂಲೆಯಲ್ಲಿ ಒಂದು ಬೆರಳಗಲ ಸಂದು ಬಿಡಿ. ದಿನಕ್ಕೊಮ್ಮೆ ಊಟ ಹಾಕಲು ತೆರೆದಾಗ ಗಾಳಿ ಬದಲಾಗುತ್ತದಲ್ಲ, ಅಷ್ಟು ಸಾಕು.

ಇಷ್ಟಾದರೂ ತೇವ ಇಳಿಯುತ್ತಿದ್ದರೆ ಮರಳು ಒಣಗಿದೆ ಅಂತ ಅರ್ಥ. ಒಂದು ಹಿಡಿ ತೆಗೆದು ಅದುಮಿ. ರವೆ ಉಂಡೆಯ ಹಾಗೆ ಕಟ್ಟಬೇಕು, ಬೆರಳ ಸಂದಿಯಿಂದ ನೀರು ಒಸರಬಾರದು. ಪುಡಿಪುಡಿಯಾದರೆ ನೀರು ಸಾಲದು. ಸ್ಪ್ರೇ ಬಾಟಲಿಯಲ್ಲಿ ಗಾಜಿಗೆ ಫುಸ್ ಫುಸ್ ಅಂತ ಹೊಡೆಯುವುದು ಅರ್ಧ ಗಂಟೆಯ ಸಮಾಧಾನ ಅಷ್ಟೇ. ಅದನ್ನೇ ದಿನಾ ಮಾಡಿದರೆ ನೀರೆಲ್ಲ ತಳಕ್ಕಿಳಿದು ಮರಳು ಕೊಳೆಯುತ್ತದೆ.

ಕರಾವಳಿಯ ಮನೆಗಳಲ್ಲಿ ತೊಂದರೆ ಉಲ್ಟಾ. ಮಳೆಗಾಲದಲ್ಲಿ ತೇವಾಂಶ ತಾನಾಗಿ ಇರುತ್ತದೆ, ಬೂಷ್ಟು ಬರುತ್ತದೆ. ಅಲ್ಲಿ ಮುಚ್ಚಳದ ಸಂದು ದೊಡ್ಡದು ಮಾಡಿ, ಉಳಿದ ಆಹಾರವನ್ನು ಪ್ರತಿ ಬೆಳಗ್ಗೆ ತೆಗೆಯಿರಿ.

ಬಿಸಿಯ ಮಾತು ಬೇಗ ಮುಗಿಸುತ್ತೇನೆ. 24ರಿಂದ 29 ಡಿಗ್ರಿ ಇರಬೇಕು. ಡಿಸೆಂಬರ್ ರಾತ್ರಿ ಬೆಂಗಳೂರು 15–16ಕ್ಕೆ ಇಳಿದಾಗ ಏಡಿ ಮಂಕಾಗುತ್ತದೆ. ಹೀಟ್ ಪ್ಯಾಡನ್ನು ಟ್ಯಾಂಕಿನ ಹಿಂದಿನ ಗಾಜಿಗೆ, ಹೊರಗಡೆಯಿಂದ, ಮರಳಿನ ಮಟ್ಟಕ್ಕಿಂತ ಮೇಲೆ ಅಂಟಿಸಿ, ಬಿಸಿ ಮಿತಿಮೀರದಂತೆ ತಡೆಯುವ ಥರ್ಮೋಸ್ಟಾಟ್ ಜೊತೆ. ಟ್ಯಾಂಕಿನ ಅಡಿಗೆ ಇಟ್ಟರೆ ಕೆಳಗೆ ಹೂತುಕೊಂಡ ಏಡಿ ಬೆಂದುಹೋಗುತ್ತದೆ. ಬಲ್ಬ್ ಬೇಡ, ಗಾಳಿ ಒಣಗಿಸುತ್ತದೆ.

ಏಡಿ ಕಾಣೆಯಾಗಿದೆ

ಇದು ಎಲ್ಲಕ್ಕಿಂತ ಸಾಮಾನ್ಯ ದೂರು. ಎಲ್ಲಕ್ಕಿಂತ ದೊಡ್ಡ ತಪ್ಪು ಆಗುವುದೂ ಇಲ್ಲೇ.

ನಮ್ಮ ಮೊದಲ ಏಡಿಯ ಹೆಸರು ಬುಗುರಿ. ತಂದ ಎರಡನೇ ತಿಂಗಳು ಮರಳು ಕೊರೆದು ಒಳಗೆ ಹೋದ. ಹತ್ತು ದಿನ, ಹದಿನೈದು ದಿನ, ಸುಳಿವಿಲ್ಲ. ಇಪ್ಪತ್ತನೇ ದಿನ ಅಮ್ಮ ಅಂದರು, ‘ಸತ್ತೇ ಹೋಗಿರ್ಬೇಕು ಕಣೋ, ಮನೆಯೆಲ್ಲ ವಾಸನೆ ಬರೋ ಮುಂಚೆ ಕೆದಕಿ ನೋಡು.’ ನಾನೂ ಹಾಗೇ ಅಂದುಕೊಂಡೆ. ಚಮಚ ತಗೊಂಡು ನಿಧಾನಕ್ಕೆ ಅಗೆದೆ. ನಾಲ್ಕು ಇಂಚು ಕೆಳಗೆ ಒಂದು ಪುಟ್ಟ ಗುಹೆ. ಒಳಗೆ ಬುಗುರಿಯ ಹಳೆ ಮೈ ಖಾಲಿಯಾಗಿ ಬಿದ್ದಿತ್ತು. ಅದರ ಪಕ್ಕ ಬುಗುರಿ. ಬೆಳ್ಳಗೆ, ಹಾಲಿನ ಕೆನೆಯ ಹಾಗೆ ಮೆತ್ತಗೆ, ಮೀಸೆ ಮಾತ್ರ ಒಂಚೂರು ಅಲ್ಲಾಡುತ್ತಿತ್ತು. ಚಮಚದ ತುದಿ ಅವನ ಕಾಲಿಗೆ ತಾಗಿತ್ತು. ಮತ್ತೆ ಮರಳು ಮುಚ್ಚಿದೆ. ಮೂರನೇ ದಿನ ನಿಜವಾಗಿಯೂ ವಾಸನೆ ಬಂತು.

ಹಾವಿನ ಹಾಗೆ ಏಡಿಯೂ ಪೊರೆ ಬಿಟ್ಟೇ ಬೆಳೆಯಬೇಕು. ಅದಕ್ಕೆ ಕತ್ತಲು, ತೇವ, ಏಕಾಂತ ಬೇಕು. ಅದಕ್ಕೇ ಹೂತುಕೊಳ್ಳುವುದು. ಹೊಸ ಮೈ ಗಟ್ಟಿಯಾಗಲು ಬೇಕಾದ ಸುಣ್ಣದ ಅಂಶಕ್ಕೆ ತಾನೇ ಬಿಟ್ಟ ಪೊರೆಯನ್ನು ತಿನ್ನುತ್ತದೆ. ಚಿಕ್ಕ ಏಡಿಗೆ ಇದಕ್ಕೆ ನಾಲ್ಕರಿಂದ ಎಂಟು ವಾರ ಹಿಡಿಯುತ್ತದೆ. ದೊಡ್ಡದಕ್ಕೆ ತಿಂಗಳುಗಳೇ ಆಗಬಹುದು. ಆಮೇಲೆ ಗುಂಡ ಅನ್ನುವವನು ಹೂತುಕೊಂಡಾಗ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಚಮಚವನ್ನು ಕಪಾಟಿನ ಮೇಲಿಟ್ಟೆ. 58ನೇ ರಾತ್ರಿ ತಾನೇ ಎದ್ದು ಬಂದ, ಬಣ್ಣ ಹೊಳೆಯುತ್ತಿತ್ತು.

ಹೂತುಕೊಳ್ಳುವ ಮೊದಲು ಗಮನಿಸಿದರೆ ಗೊತ್ತಾಗುತ್ತದೆ. ಮೈ ಬೂದಿ ಬಣ್ಣಕ್ಕೆ ತಿರುಗುತ್ತದೆ, ಕಣ್ಣು ಮಸುಕಾಗುತ್ತದೆ, ನೀರಿನ ಬಟ್ಟಲು ಬಿಟ್ಟು ಕದಲುವುದಿಲ್ಲ, ಸಿಕ್ಕಸಿಕ್ಕಲ್ಲಿ ಅಗೆಯುತ್ತದೆ.

ಏಡಿ ಹೂತುಕೊಳ್ಳದೆ ಮೇಲೆಯೇ ಪೊರೆ ಬಿಟ್ಟರೆ ದೋಷ ಮರಳಿನದ್ದು. ಕನಿಷ್ಠ 15 ಸೆಂಟಿಮೀಟರ್ ಆಳ ಬೇಕು, ದೊಡ್ಡ ಏಡಿ ಇದ್ದರೆ ಅದರ ಎತ್ತರದ ಮೂರರಷ್ಟು. ತೊಳೆದ ಹೊಳೆ ಮರಳು ಐದು ಪಾಲು, ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಒಂದು ಪಾಲು. ಎಂ-ಸ್ಯಾಂಡ್ ಬೇಡವೇ ಬೇಡ. ಅದು ಒಡೆದ ಕಲ್ಲು, ಅಂಚು ಚೂಪು. ಟೆರೇಸ್ ಗಾರ್ಡನ್‌ಗೆ ಅಂತ ಮಾರುವ ರೆಡಿ ಮಿಶ್ರಣದಲ್ಲಿ ಗೊಬ್ಬರವೋ ಬೇವಿನ ಹಿಂಡಿಯೋ ಸೇರಿರುತ್ತದೆ, ಚೀಲದ ಹಿಂಭಾಗ ಓದಿ. ಮೇಲೆಯೇ ಪೊರೆ ಬಿಡುತ್ತಿರುವುದನ್ನು ಮುಟ್ಟಬೇಡಿ, ಎತ್ತಬೇಡಿ. ತಳ ಕತ್ತರಿಸಿದ ದೊಡ್ಡ ನೀರಿನ ಬಾಟಲಿಯನ್ನು ಅದರ ಸುತ್ತ ಮರಳಿಗೆ ಒತ್ತಿ ನಿಲ್ಲಿಸಿ, ಮೇಲೆ ಕಪ್ಪು ಬಟ್ಟೆ ಹೊದಿಸಿ. ಉಳಿದ ಏಡಿಗಳು ಮೆತ್ತಗಿನ ಮೈಯನ್ನು ತಿಂದುಬಿಡುತ್ತವೆ, ಅದಕ್ಕೆ ಈ ಬೇಲಿ. ಬಿಟ್ಟ ಪೊರೆಯನ್ನು ಅದರ ಹತ್ತಿರವೇ ಇರಲು ಬಿಡಿ.

ಸತ್ತಿದೆಯಾ, ಪೊರೆಯಾ?

ಮರಳ ಮೇಲೆ ಏಡಿಯ ಆಕಾರ ಬಿದ್ದಿದೆ, ಅಲ್ಲಾಡುತ್ತಿಲ್ಲ. ಬೇರೆ ಏಡಿಗಳು ಎಳೆದು ತಂದ ಪೊರೆಯೂ ಇರಬಹುದು. ಪೊರೆಯಾದರೆ ಹಗುರ, ಒಳಗೆ ಟೊಳ್ಳು, ಬೆಳಕಿಗೆ ಹಿಡಿದರೆ ಆಚೆಗಿನದು ಮಸುಕಾಗಿ ಕಾಣುತ್ತದೆ. ಸತ್ತದ್ದಾದರೆ ಅನುಮಾನಕ್ಕೆ ಜಾಗವೇ ಇಲ್ಲ. ಒಂದೆರಡು ದಿನದಲ್ಲಿ ಸಂತೆಯಲ್ಲಿ ಮಾರದೆ ಉಳಿದ ಮೀನಿನ ವಾಸನೆ ಬರುತ್ತದೆ. ವಾಸನೆ ಬರುವವರೆಗೆ ಸತ್ತಿದೆ ಅಂತ ತೀರ್ಮಾನಿಸಬೇಡಿ. ಮಣ್ಣಿನ ವಾಸನೆ, ಸಮುದ್ರದ ವಾಸನೆ ಇವೆಲ್ಲ ಸರಿ.

ಕಾಲು ಉದುರುತ್ತಿದೆ

ಮೊದಲು ಎಣಿಸಿ. ಏಡಿಗೆ ಹತ್ತು ಕಾಲು ಅಂತ ಶಾಲೆಯಲ್ಲಿ ಓದಿದ್ದೀವಲ್ಲ, ಹೊರಗೆ ಕಾಣುವುದು ಆರೇ. ಎರಡು ಇಕ್ಕಳ, ನಾಲ್ಕು ನಡೆಯುವ ಕಾಲು. ಉಳಿದ ನಾಲ್ಕು ಪುಟ್ಟವು, ಶಂಖವನ್ನು ಹಿಡಿದುಕೊಳ್ಳಲು ಒಳಗೇ ಇರುತ್ತವೆ. ಇದು ತಿಳಿಯದೆ ‘ನಾಲ್ಕು ಕಾಲಿಲ್ಲದ ಏಡಿ ಕೊಟ್ಟಿದ್ದೀರಿ’ ಅಂತ ನಾನು ಅಂಗಡಿಯಲ್ಲಿ ಜಗಳಕ್ಕೆ ನಿಂತವನು.

ನಿಜವಾಗಿಯೂ ಉದುರುತ್ತಿದ್ದರೆ, ಅದು ತಾನಾಗಿ ಕಳಚಿಕೊಳ್ಳುತ್ತಿದೆ. ಬಹಳ ಸಂಕಟವಾದಾಗ ಹಲ್ಲಿ ಬಾಲ ಬಿಟ್ಟ ಹಾಗೆ. ಒಂದು ಕಾಲು ಹೋದರೆ ಜಗಳವೂ ಕಾರಣವಿರಬಹುದು. ಒಂದರ ಹಿಂದೊಂದು ಬಿದ್ದರೆ ಒಣ ಗಾಳಿ, ಅತಿ ಬಿಸಿ, ವಿಷ ಅಥವಾ ಹಿಡಿದು ಸಾಗಿಸಿದ ದಣಿವು. ಹೊಸದಾಗಿ ತಂದದ್ದಾದರೆ ಮೊದಲ ಒಂದೆರಡು ತಿಂಗಳು ಈ ದಣಿವಿನಿಂದಲೇ ಸಾಯುವುದುಂಟು. ಮಾಡಬೇಕಾದ್ದು ಇಷ್ಟೇ: ತೇವಾಂಶ ಸರಿಪಡಿಸಿ, ಕತ್ತಲಾಗಿಡಿ, ಎತ್ತಿ ಆಡಿಸುವುದನ್ನು ನಿಲ್ಲಿಸಿ. ಲವಂಗನಿಗೆ ಎರಡು ಕಾಲು ಹೋಯಿತು. ತೇವಾಂಶ ನಿಜವಾದ 80ಕ್ಕೆ ಬಂದ ಮೇಲೆ ಮೂರನೆಯದು ಬೀಳಲಿಲ್ಲ. ಕೆಲವು ವಾರದ ನಂತರ ಹೋದ ಜಾಗದಲ್ಲಿ ಸಬ್ಬಕ್ಕಿಯ ಹಾಗೆ ಒಂದು ಜೆಲ್ಲಿ ಮೊಗ್ಗು ಬಂತು. ಪೊರೆ ಬಿಟ್ಟಾಗ ಅದೇ ಕಾಲಾಯಿತು, ಸ್ವಲ್ಪ ಗಿಡ್ಡ.

ಶಂಖ ಬಿಟ್ಟು ಹೊರಗೆ ಬಂದಿದೆ

ಇದಕ್ಕೆ ಕಾಯಬೇಡಿ, ಇದು ತುರ್ತು. ಶಂಖದಲ್ಲಿ ಹೊತ್ತುಕೊಂಡ ನೀರಿಲ್ಲದೆ ಏಡಿಯ ಮೆತ್ತನೆಯ ಹಿಂಭಾಗ ಬೇಗ ಒಣಗುತ್ತದೆ. ಒಂದು ಲೋಟಕ್ಕೆ ಉಪ್ಪುನೀರು ಸ್ವಲ್ಪವೇ, ತಳ ಒದ್ದೆಯಾಗುವಷ್ಟು ಹಾಕಿ. ಯಾವ ಉಪ್ಪು ಅಂತ ಮುಂದೆ ಹೇಳುತ್ತೇನೆ. ಅದರ ಹಳೆ ಶಂಖವನ್ನು ತೊಳೆದು, ಜೊತೆಗೆ ಅದೇ ಅಳತೆಯ ಇನ್ನೆರಡು ಇಟ್ಟು, ಏಡಿಯನ್ನು ಚಮಚದಲ್ಲಿ ಎತ್ತಿ ಒಳಗೆ ಬಿಡಿ. ಲೋಟವನ್ನು ಟ್ಯಾಂಕಿನೊಳಗೇ ಇಟ್ಟು ಮೇಲೆ ಬಟ್ಟೆ ಮುಚ್ಚಿ. ಅದನ್ನು ಹಿಡಿದು ಶಂಖಕ್ಕೆ ತುರುಕಲು ಹೋಗಬೇಡಿ.

ಯಾಕೆ ಬಂತು ಅಂತ ಆಮೇಲೆ ನೋಡಿ. ಶಂಖದೊಳಗೆ ಮರಳು ಸಿಕ್ಕಿ ಚುಚ್ಚುತ್ತಿರಬಹುದು. ಬಿಸಿ ಜಾಸ್ತಿಯಾಗಿರಬಹುದು. ಇನ್ನೊಂದು ಏಡಿ ಹೊರಗೆಳೆದು ಮನೆ ಕಸಿದುಕೊಂಡಿರಬಹುದು. ಕಸಿಯುವುದು ಶಂಖ ಸಾಲದೆ ಇದ್ದಾಗ. ಪ್ರತಿ ಏಡಿಗೆ ಮೂರ್ನಾಲ್ಕು ಖಾಲಿ ಶಂಖ, ಈಗಿನದಕ್ಕಿಂತ ಸ್ವಲ್ಪ ಸ್ವಲ್ಪ ದೊಡ್ಡದು ಇರಲಿ. ಎಡಗಡೆಯ ದೊಡ್ಡ ಇಕ್ಕಳ ಬಾಗಿಲಿನ ಹಾಗೆ ಬಾಯಿ ಮುಚ್ಚುತ್ತಲ್ಲ, ಶಂಖದ ಬಾಯಿ ಆ ಇಕ್ಕಳದ ಅಗಲಕ್ಕೆ ಸರಿಹೋಗಬೇಕು. ಕ್ರಿಕೆಟ್ ಟೀಮಿನ ಬಣ್ಣ ಬಳಿದ ಶಂಖ ಬೇಡ. ಬಣ್ಣ ಎದ್ದು ಬಂದು ಹೊಟ್ಟೆಗೆ ಹೋಗುತ್ತದೆ.

ಶಂಖ ಕೊಳ್ಳುವಾಗ ಹುಷಾರು, ಕೆಲವು ಜಾತಿಯವು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬರುತ್ತವೆ. ನಮ್ಮಲ್ಲಿ ಅದಕ್ಕೆ ಸುಲಭದ ದಾರಿ ಇದೆ. ಮಳೆಗಾಲದಲ್ಲಿ ತೋಟಗಳಿಗೆ ನುಗ್ಗಿ ಕಾಟ ಕೊಡುವ ಆಫ್ರಿಕನ್ ದೈತ್ಯ ಬಸವನಹುಳುವಿನ ಖಾಲಿ ಚಿಪ್ಪು. ದ್ವೀಪಗಳಲ್ಲಿ ಕಾಡಿನ ಏಡಿಗಳೇ ಅದನ್ನು ಹೊತ್ತು ತಿರುಗುತ್ತವೆ. ಹುಳುವಿನ ಮದ್ದು ಹಾಕದ ತೋಟದ್ದಾಗಿರಬೇಕು. ಬರಿಗೈಯಲ್ಲಿ ಮುಟ್ಟದೆ ತಂದು, ಚೆನ್ನಾಗಿ ಕುದಿಸಿ, ತೊಳೆದು ಇಡಿ.

ನೀರು, ಉಪ್ಪು

ಎರಡು ಬಟ್ಟಲು ಬೇಕು. ಒಂದು ಸಿಹಿನೀರು, ಒಂದು ಉಪ್ಪುನೀರು. ಏಡಿ ಎರಡರಲ್ಲೂ ಮುಳುಗೆದ್ದು, ಶಂಖದೊಳಗಿನ ನೀರಿನ ಉಪ್ಪನ್ನು ತಾನೇ ಹದ ಮಾಡಿಕೊಳ್ಳುತ್ತದೆ. ಮೈ ಮುಳುಗುವಷ್ಟು ಆಳ ಇರಲಿ, ಹತ್ತಿ ಬರಲು ಕಲ್ಲಿನ ಮೆಟ್ಟಿಲೂ ಇರಲಿ. ನೆಲದ ಏಡಿ ನೀರಿನಲ್ಲಿ ಸಿಕ್ಕಿಕೊಂಡರೆ ಸಾಯುತ್ತದೆ.

ನಲ್ಲಿ ನೀರಿನ ಕ್ಲೋರಿನ್ ಕಿವಿರು ಸುಡುತ್ತದೆ. ಮೀನಿನ ಅಂಗಡಿಯ ಆಂಟಿ-ಕ್ಲೋರಿನ್ ಹನಿ ಹಾಕಿ. ಉಪ್ಪುನೀರಿಗೆ ಅಡುಗೆ ಉಪ್ಪು ಆಗಲ್ಲ. ‘ಅಕ್ವೇರಿಯಂ ಸಾಲ್ಟ್’ ಕೂಡ ಆಗಲ್ಲ, ಅದು ಸಿಹಿನೀರಿನ ಮೀನಿನ ಚಿಕಿತ್ಸೆಗೆ ಇರುವುದು. ‘ಮರೈನ್ ಸಾಲ್ಟ್’ ಅಂತ ಕೇಳಿ ತನ್ನಿ, ಲೀಟರಿಗೆ 35 ಗ್ರಾಂ.

ತಾಮ್ರದ ಚೊಂಬು, ಬಿಂದಿಗೆಯಲ್ಲಿಟ್ಟ ನೀರು ಬೇಡ. ನಮಗೆ ಒಳ್ಳೆಯದು ಅಂತ ಅಮ್ಮ ಏಡಿಗೂ ಅದೇ ನೀರು ಹಾಕುತ್ತಿದ್ದರು. ತಾಮ್ರ ಏಡಿ, ಸಿಗಡಿಯಂಥ ಜೀವಿಗಳಿಗೆ ಸ್ವಲ್ಪವೇ ಸೇರಿದರೂ ವಿಷ.

ಕಾರಣವೇ ಸಿಗುತ್ತಿಲ್ಲ ಅಂದರೆ ಗೋಡೆ ನೋಡಿ

ಮಾಪಕ ಸರಿ, ಮರಳು ಸರಿ, ನೀರು ಸರಿ, ಆದರೂ ಏಡಿಗಳು ಜೋತುಬಿದ್ದಿವೆ. ಟ್ಯಾಂಕಿನಿಂದ ತಲೆ ಎತ್ತಿ ಕೋಣೆಯ ಪ್ಲಗ್ ಪಾಯಿಂಟ್ ನೋಡಿ. ಸೊಳ್ಳೆಯ ಲಿಕ್ವಿಡ್ ಮೆಷಿನ್ ಇದೆಯಾ? ಸೊಳ್ಳೆ, ಜಿರಳೆ, ಇರುವೆಯಂತೆ ಏಡಿಯೂ ಕೀಲುಗಾಲಿನ ಪ್ರಾಣಿಯೇ. ಅವನ್ನು ಕೊಲ್ಲುವ ಮದ್ದು ಇದನ್ನೂ ಕೊಲ್ಲುತ್ತದೆ. ಸೊಳ್ಳೆ ಬತ್ತಿ, ಜಿರಳೆ ಸ್ಪ್ರೇ, ಟ್ಯಾಂಕಿನ ಸ್ಟ್ಯಾಂಡಿಗೆ ಎಳೆದ ಇರುವೆ ಚಾಕ್ ಗೆರೆ, ಎಲ್ಲವೂ ಅದೇ ಲೆಕ್ಕ. ಬೇವು ನೈಸರ್ಗಿಕ ಅಂತ ಟ್ಯಾಂಕಿಗೆ ಸೊಪ್ಪು ಹಾಕಬೇಡಿ, ಎಣ್ಣೆ ಸವರಬೇಡಿ. ಹುಳುಗಳು ಪೊರೆ ಬಿಡುವುದನ್ನು ಕೆಡಿಸುವುದೇ ಬೇವಿನ ಕೆಲಸ. ಇರುವೆ ಬಂದರೆ ಸ್ಟ್ಯಾಂಡಿನ ಕಾಲುಗಳನ್ನು ನೀರಿನ ತಟ್ಟೆಯಲ್ಲಿಡಿ, ಅಜ್ಜಿಯ ಕಾಲದಲ್ಲಿ ತಿಂಡಿಯ ಜಾಲರಿ ಕಪಾಟು ಇಡುತ್ತಿದ್ದ ಹಾಗೆ.

ಊಟ ಮುಟ್ಟುತ್ತಿಲ್ಲ

ಬಹುಶಃ ಮುಟ್ಟಿರುತ್ತದೆ. ಅವು ತಿನ್ನುವುದು ರಾತ್ರಿ, ಅದೂ ಸಾಸಿವೆಯಷ್ಟು. ತಟ್ಟೆಯ ಸುತ್ತ ಮರಳು ಸಮ ಮಾಡಿಟ್ಟು ಮಲಗಿ, ಬೆಳಗ್ಗೆ ಹೆಜ್ಜೆ ಗುರುತು ನೋಡಿ. ನಮ್ಮವು ಕೊಬ್ಬರಿ ಚೂರು, ಪಪ್ಪಾಯಿ, ಉಪ್ಪು ಹಾಕದ ಒಣ ಸಿಗಡಿ, ಮೊಟ್ಟೆ ಚಿಪ್ಪಿನ ಪುಡಿ ತಿನ್ನುತ್ತವೆ. ಗಿಳಿ ಪಂಜರಕ್ಕೆ ಕಟ್ಟುವ ಬಿಳಿ ಕಟಲ್ ಬೋನ್ ಒಂದು ಯಾವಾಗಲೂ ಇರುತ್ತದೆ.

ಇವು ದೋಷವಲ್ಲ

ಹಗಲೆಲ್ಲ ಕದಲದೆ ಕೂರುವುದು. ರಾತ್ರಿ ಎರಡು ಗಂಟೆಗೆ ಗಾಜು ಕೆರೆಯುವುದು. ಒಬ್ಬನ ಮೇಲೊಬ್ಬ ಹತ್ತಿ ಗುಡ್ಡೆಯಾಗಿ ಮಲಗುವುದು. ಕಪ್ಪೆಗೂ ಜೀರುಂಡೆಗೂ ನಡುವಿನ ಒಂದು ‘ಕಿರ್ರ್’ ಸದ್ದು. ಮೊದಲ ಸಲ ಆ ಸದ್ದು ಕೇಳಿ ಫ್ರಿಜ್ ಕೆಟ್ಟಿತು ಅಂತ ಮೆಕ್ಯಾನಿಕ್ಕಿಗೆ ಫೋನ್ ಮಾಡಿದ್ದೆ.

ಶಂಖ ಪದೇ ಪದೇ ಬದಲಿಸುವುದೂ ಹಾಗೇ. ನಿನ್ನೆ ರಾತ್ರಿ ಗುಂಡ ಹೊಸ ಬಸವನಹುಳು ಚಿಪ್ಪಿನ ಬಾಯಿಗೆ ಇಕ್ಕಳ ಹಾಕಿ ಹತ್ತು ನಿಮಿಷ ಅಳತೆ ತೆಗೆದ. ಹೊಕ್ಕ. ಎರಡು ಹೆಜ್ಜೆ ನಡೆದ. ಹೊರಬಂದು ಇನ್ನೊಂದಕ್ಕೆ ಹೋದ. ಕೊನೆಗೆ ಹಳೆಯದಕ್ಕೇ ವಾಪಸ್ ಹೊಕ್ಕು, ಕೊಬ್ಬರಿ ತಟ್ಟೆಯ ಕಡೆ ಹೊರಟ.